ನಾಲ್ಕು ಮೂಲೆಯ ಅರಿಶಿನ

ಗೊಂಬೆಗಳಿಗೆ ಅಂಕ ಕೊಡುವುದು ನನ್ನ ಕೆಲಸ ಎಂದರೆ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರು ಮೊದಲು ನಗುತ್ತಾರೆ, ಆಮೇಲೆ ಅದಕ್ಕೂ ಸಂಬಳ ಕೊಡುತ್ತಾರೆಯೇ ಎಂದು ಕೇಳುತ್ತಾರೆ. ಕೊಡುತ್ತಾರೆ. ಗಚ್ಚಿಬೌಲಿಯ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ನಮ್ಮ ಸಂಸ್ಥೆಯಿದೆ. ಹಳೆಯ ಆಟಿಕೆ ಗೊಂಬೆಗಳು ಅಸಲಿಯೋ ನಕಲಿಯೋ, ಎಷ್ಟರಮಟ್ಟಿಗೆ ಕೆಡದೆ ಉಳಿದಿವೆ ಎಂದು ಪರೀಕ್ಷಿಸಿ, ನೂರರಲ್ಲಿ ಇಷ್ಟು ಎಂದು ಬರೆದು, ಗಟ್ಟಿ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತೇವೆ. ನಾನು ಅಲ್ಲಿ ಗ್ರೇಡರ್. ಅದಕ್ಕೆ ಮೊದಲು ಪಟಾನ್‌ಚೆರುವಿನ ಒಂದು ಔಷಧ ಕಾರ್ಖಾನೆಯಲ್ಲಿ ಚುಚ್ಚುಮದ್ದಿನ ಸೀಸೆಗಳನ್ನು ಬೆಳಕಿಗೆ ಹಿಡಿದು ಒಳಗೆ ಕಸವಿದೆಯೇ ಎಂದು ನೋಡುತ್ತಿದ್ದೆ. ಅಲ್ಲೂ ಕಣ್ಣಿನ ಕೆಲಸ, ಇಲ್ಲೂ ಕಣ್ಣಿನ ಕೆಲಸ. ಅಲ್ಲಿ ಕಣ್ಣು ತಪ್ಪಿದರೆ ಯಾರದೋ ಜೀವಕ್ಕೆ ಕುತ್ತು, ಇಲ್ಲಿ ಏನು ತಪ್ಪಿದರೂ ಪ್ಲಾಸ್ಟಿಕ್ ಗೊಂಬೆ ತಾನೇ ಎಂಬ ಸಮಾಧಾನದಿಂದ ಬಂದವಳು ನಾನು.

ಈ ಗ್ರೇಡಿಂಗ್ ಬೇಕೋ ಬೇಡವೋ ಎಂಬ ಜಗಳ ಮೊದಲಿನಿಂದಲೂ ಇದೆ. ಬೇಕು ಎನ್ನುವವರ ವಾದ ಸರಳ: ಬಣ್ಣ ಬಳಿದು ಹೊಸದು ಮಾಡುವವರಿದ್ದಾರೆ, ಒಮ್ಮೆ ತೆರೆದ ಪ್ಯಾಕನ್ನು ಮತ್ತೆ ಅಂಟಿಸಿ 'ಕೈ ಹಚ್ಚಿಲ್ಲ' ಎಂದು ಮಾರುವವರಿದ್ದಾರೆ, ಹಾಗಾಗಿ ಮೂರನೆಯವರೊಬ್ಬರು ನೋಡಿ ಹೇಳಲಿ. ಬೇಡ ಎನ್ನುವವರ ಮಾತೂ ಸುಳ್ಳಲ್ಲ. ಇವತ್ತು ಎಂಬತ್ತು ಕೊಟ್ಟ ಕಣ್ಣು ನಾಳೆ ಎಪ್ಪತ್ತೈದು ಕೊಡುತ್ತದೆ. ಗೊಂಬೆ ಪೆಟ್ಟಿಗೆಯಲ್ಲಿ ಹೂತುಹೋಗುತ್ತದೆ. ಆಮೇಲೆ ಗೊಂಬೆಯನ್ನು ನೋಡುವವರೇ ಇಲ್ಲ, ಎಲ್ಲರೂ ನೋಡುವುದು ನಂಬರು. ನಾನು ಎರಡನ್ನೂ ಕೇಳಿಸಿಕೊಂಡು ಕೈಗವಸು ಹಾಕಿಕೊಂಡು ಕೂರುತ್ತಿದ್ದೆ. ಅನ್ನ ಕೊಡುವ ಕೆಲಸವನ್ನು ಆಡಿಕೊಳ್ಳಬಾರದು ಎಂಬುದು ನನ್ನ ನಿಲುವು.

ಆ ಹೆಂಗಸು ಬಂದದ್ದು ಶ್ರಾವಣ ಕಳೆದ ಮೇಲೆ. ಸಿಕಂದರಾಬಾದಿನವರು, ಶಾಲೆಯಲ್ಲಿ ಗಣಿತ ಹೇಳುವವರು, ವಯಸ್ಸು ನನಗಿಂತ ಸ್ವಲ್ಪ ಹೆಚ್ಚು. ಮೊದಲು ತೆಲುಗಿನಲ್ಲಿ ಶುರುಮಾಡಿ, ನಮ್ಮ ರಿಸೆಪ್ಶನ್ ಹುಡುಗಿಗೆ ಅರ್ಥವಾಗದೆ ಹಿಂದಿಗೆ ತಿರುಗಿ, ನಡುವೆ ಫೋನ್ ಬಂದಾಗ ಮೆಲ್ಲಗೆ, "ಬಂದೀನಿ ಅಣ್ಣ, ಕೊಟ್ಟ ಹೋಕ್ಕೀನಿ, ನೀ ಊಟಾ ಮಾಡು" ಎಂದರು. ನಮ್ಮ ಮನೆಯದೇ ಮಾತು. ಒಳಗಿನಿಂದ ಎದ್ದು ಬಂದು, "ಯಾ ಕಡೆಯವರ್ರಿ ಅಕ್ಕಾರ?" ಎಂದು ಕೇಳಿದೆ. ಅವರ ಮುಖ ಸಡಿಲಾಯಿತು. ಅವರ ಅಜ್ಜ ಕಲಬುರಗಿ ಕಡೆಯಿಂದ ರೈಲ್ವೆ ನೌಕರಿಗೆ ಬಂದವರಂತೆ. ನಮ್ಮ ಹಿರಿಯರೂ ಹಾಗೇ, ಇಲಾಖೆ ಬೇರೆ. ಈ ಊರಿನಲ್ಲಿ ಕನ್ನಡ ಕೇಳಿದರೆ ತೌರಿನವರು ಸಿಕ್ಕಂತೆ ಆಗುತ್ತದೆ, ಸುಳ್ಳೇಕೆ ಹೇಳಲಿ.

ಅವರು ತಂದ ವಸ್ತು ಅವರ ಅಣ್ಣನದು. ಎಂಬತ್ತರ ದಶಕದಲ್ಲಿ ನಮ್ಮ ದೇಶದಲ್ಲೇ ತಯಾರಾದ, ಬೆರಳುದ್ದದ ಯೋಧನ ಗೊಂಬೆ. ರಟ್ಟಿನ ಕಾರ್ಡಿಗೆ ಅಂಟಿದ ಪಾರದರ್ಶಕ ಪ್ಲಾಸ್ಟಿಕ್ ಗುಳ್ಳೆ, ಗುಳ್ಳೆಯೊಳಗೆ ಸಾಸಿವೆ ಬಣ್ಣದ ಶಿರಸ್ತ್ರಾಣ ತೊಟ್ಟ ಗೊಂಬೆ, ಪಕ್ಕದಲ್ಲಿ ಕಡ್ಡಿಯಂಥ ಕತ್ತಿ. ಹೊರದೇಶದ ಅಚ್ಚಿನಲ್ಲಿ ಇಲ್ಲಿ ಸಿಕ್ಕ ಬಣ್ಣ ಹಾಕಿ ಮಾಡಿದ್ದರಿಂದ ಇದರ ಬಣ್ಣ ಬೇರೆಲ್ಲೂ ಇಲ್ಲ. ತೆರೆಯದ ಕಾರ್ಡು ಸಿಗುವುದು ಬಹಳ ಅಪರೂಪ. ಅಣ್ಣ ಅದನ್ನು ವರ್ಷಗಳ ಹಿಂದೆ ಬೇಗಂ ಬಜಾರಿನ ಹಳೆಯ ಅಂಗಡಿಯ ಅಟ್ಟದಲ್ಲಿ ಹುಡುಕಿ ತಂದಿದ್ದರು.

"ಅಣ್ಣಗ ಮದುವಿ ಇಲ್ಲ, ಮಕ್ಕಳಿಲ್ರಿ. ಆಫೀಸಿಂದ ಬಂದ್ರ ಗೊಂಬಿ, ರವಿವಾರ ಬಂದ್ರ ಆ ಗೊಂಬಿ ಮಂದಿ" ಎಂದರು ತಂಗಿ. ಗೊಂಬೆ ಮಂದಿ ಎಂದರೆ ಸಂಗ್ರಹಕಾರರ ಒಂದು ಗುಂಪು. ಪ್ರತಿ ಭಾನುವಾರ ಸಿಕಂದರಾಬಾದಿನ ಇರಾನಿ ಹೋಟೆಲಿನಲ್ಲಿ ಸೇರಿ ಚಹಾ ಕುಡಿಯುತ್ತ ಗೊಂಬೆಗಳನ್ನು ಕೈಯಿಂದ ಕೈಗೆ ದಾಟಿಸುವವರು. ಈ ಅಣ್ಣ ಆ ಗುಂಪಿನಲ್ಲಿ ಗ್ರೇಡಿಂಗಿನ ಕಡು ವಿರೋಧಿ. ಗೊಂಬೆಗೆ ಸಮಾಧಿ ಕಟ್ಟುವ ದಂಧೆ ಎಂದು ನಮ್ಮನ್ನು ಬಯ್ಯುತ್ತಿದ್ದರಂತೆ. ಕೊನೆಗೆ ಯಾರೋ ಒಬ್ಬ, "ನಿನ್ನ ಯೋಧನ ಕಾರ್ಡು ತೆರೆದು ಅಂಟಿಸಿದ್ದು, ಅದಕ್ಕೇ ಪರೀಕ್ಷೆಗೆ ಹೆದರುತ್ತಿದ್ದೀಯ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಉಳಿದವರು ನಕ್ಕರು. ಅಣ್ಣ ಚಹಾ ಬಿಟ್ಟು ಎದ್ದು ಬಂದವರು ಮತ್ತೆ ಹೋಗಲಿಲ್ಲ. ಆಫೀಸಿಗೂ ರಜೆ ಹಾಕಿದರು.

"ಕ್ವಾಣಿ ಬಿಟ್ಟ ಹೊರಗ ಬರವಲ್ರಿ. 'ನಾ ತೆರದಿಲ್ಲ, ನಾ ಸುಳ್ಳ ಹೇಳಿಲ್ಲ', ಇದೊಂದ ಮಾತು. ನಾನ ಕಾಡಿಬೇಡಿ ಇಸಗೊಂಡ ಬಂದೀನಿ. ನಮಗ ನಂಬರು ಬ್ಯಾಡ್ರಿ. ಮಾರೋದೂ ಇಲ್ಲ. ತೆರದಿಲ್ಲ ಅಂತ ಒಂದ ಮಾತು ಬರದ ಕೊಡ್ರಿ ಅಕ್ಕಾರ, ನಮ್ಮಣ್ಣ ಮನಶ್ಯಾ ಆಗತಾನ."

ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ನೋಡುತ್ತೇವೆ ಎಂದೆ. ಆದರೆ ಮನಸ್ಸಿನಲ್ಲಿ ಆಗಲೇ ಅವರ ಪರವಾಗಿದ್ದೆ, ಗ್ರೇಡರ್ ಆದವಳು ಹಾಗಿರಬಾರದು.

ನಮ್ಮಲ್ಲಿ ಪ್ರತಿ ವಸ್ತುವನ್ನೂ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಮೊದಲು ಓರೆ ಬೆಳಕಿನಲ್ಲಿ ಕಾರ್ಡಿನ ಮಡಿಕೆ, ಉಬ್ಬು, ಸವೆದ ಅಂಚು. ಆಮೇಲೆ ಭೂತಗನ್ನಡಿಯಲ್ಲಿ ಅಚ್ಚಿನ ಚುಕ್ಕೆಗಳು. ಮತ್ತೆ ಮುದ್ರಿಸಿದ್ದಾದರೆ ಚುಕ್ಕೆಗಳ ಸಾಲು ಬೇರೆ ಇರುತ್ತದೆ. ಆಮೇಲೆ ಗುಳ್ಳೆಯ ಅಂಚು. ಕಾರ್ಖಾನೆಯಲ್ಲಿ ಬಿಸಿ ಒತ್ತಿ ಅಂಟಿಸಿದ್ದಕ್ಕೂ ಮನೆಯಲ್ಲಿ ಅಂಟು ಹಚ್ಚಿದ್ದಕ್ಕೂ ವ್ಯತ್ಯಾಸವಿದೆ. ಕೊನೆಗೆ ಕಪ್ಪು ಪರದೆ ಎಳೆದು ಯುವಿ ದೀಪ. ಅಂಟು, ಹೊಸ ಬಣ್ಣ, ತೇಪೆ ಏನೇ ಇದ್ದರೂ ಆ ನೇರಳೆ ಬೆಳಕಿನಲ್ಲಿ ಹೊಳೆದು ಎದ್ದು ಕಾಣುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಅಲ್ಲಿಗೇ ತಡೆ.

ಮೊದಲ ಸರದಿ ನನ್ನ ಸಹೋದ್ಯೋಗಿಯದು. ಹಳೇ ಶಹರದವನು, ಚಿಕ್ಕಂದಿನಿಂದ ಗೊಂಬೆ ಹುಚ್ಚು, ನನ್ನನ್ನು 'ಆಪಾ' ಎಂದು ಕರೆಯುತ್ತಾನೆ. ಅದೇ ಇರಾನಿ ಹೋಟೆಲಿನ ಗುಂಪಿನಲ್ಲಿ ಅವನೂ ಇದ್ದ. ಅಂದು ನಕ್ಕವರಲ್ಲಿ ಅವನೂ ಒಬ್ಬ ಎಂದು ಆಮೇಲೆ ತಿಳಿಯಿತು. ದೀಪ ಹಚ್ಚಿ ಸ್ವಲ್ಪ ಹೊತ್ತಿಗೇ ಪರದೆ ಸರಿಸಿ ಹೊರಬಂದ. ಕಾರ್ಡಿನ ನಾಲ್ಕೂ ಮೂಲೆಗಳು ಹಸಿರು ಹಳದಿಯಾಗಿ ಉರಿಯುತ್ತಿವೆ ಎಂದ. ಕಾರ್ಡುಗಳಲ್ಲಿ ಮೊದಲು ಹರಿಯುವುದು ಮೂಲೆ, ಕಳ್ಳರು ಮೊದಲು ತಿದ್ದುವುದೂ ಮೂಲೆ. ನಾಲ್ಕಕ್ಕೆ ನಾಲ್ಕೂ ಒಂದೇ ಅಳತೆಯಲ್ಲಿ ಹೊಳೆದರೆ ಕೈಚಳಕ ಎಂದೇ ಅರ್ಥ. 'ಮೂಲೆ ದುರಸ್ತಿಯ ಅನುಮಾನ' ಎಂದು ಬರೆದು ನಿಲ್ಲಿಸಿದ. ನಮ್ಮ ಮುಖ್ಯಸ್ಥರು ಅದನ್ನು ನೋಡಿ ತೆಲುಗಿನಲ್ಲಿ, "ದೊಡ್ಡ ವಿರೋಧಿ ಸಿಕ್ಕಿಬಿದ್ದ" ಎಂದು ಖುಷಿಪಟ್ಟರು.

ನಾನು ಒಳಗೆ ಹೋಗಿ ನೋಡಿದೆ. ಹೌದು, ನಾಲ್ಕು ಮೂಲೆ, ನಾಲ್ಕು ಹೊಳಪು. ಆದರೆ ಅಂಟು ನೀಲಿ ಬಿಳುಪಾಗಿ ಹೊಳೆಯುತ್ತದೆ, ಇಷ್ಟು ಹಸಿರು ಹಳದಿಯಾಗಿ ಅಲ್ಲ. ಹೊಳಪಿನ ಅಂಚು ಚೌಕವಾಗಿರಲಿಲ್ಲ, ಬೆರಳಿನಲ್ಲಿ ಸವರಿದ ಹಾಗೆ ಬಾಲ ಎಳೆದಿತ್ತು. ನಮ್ಮ ಮನೆಯಲ್ಲಿ ಮದುವೆಯ ಲಗ್ನಪತ್ರಿಕೆಗೆ, ಹೊಸ ಸೀರೆಗೆ, ಹೊಸ ಪುಸ್ತಕಕ್ಕೆ, ಹೋದ ವರ್ಷ ತಂದ ವಾಷಿಂಗ್ ಮಷೀನಿನ ಡಬ್ಬಕ್ಕೂ ನಮ್ಮತ್ತೆ ಹೀಗೇ ನಾಲ್ಕು ಮೂಲೆಗೆ ಹಚ್ಚುತ್ತಾರೆ.

ಹೊರಗೆ ಬಂದು ತಂಗಿಗೆ ಫೋನ್ ಮಾಡಿದೆ. "ಅಕ್ಕಾರ, ನಿಮ್ಮ ಮನ್ಯಾಗ ಹೊಸಾ ಸಾಮಾನ ತಂದ್ರ ಮೂಲಿಗೆ ಅರಿಶಿನ ಹಚ್ಚತೀರೇನ್ರಿ?"

"ಯಾರ ಮನ್ಯಾಗ ಹಚ್ಚಂಗಿಲ್ರಿ?" ಎಂದರು ಅವರು.

ಗುಮಾನಿಯಿಂದ ವರದಿ ಬದಲಾಗುವುದಿಲ್ಲ, ಪುರಾವೆ ಬೇಕು. ವಸ್ತುವಿಗೆ ಏನಾದರೂ ಸೋಕಿಸಬೇಕಾದರೆ ಒಡೆಯನ ಒಪ್ಪಿಗೆ ಬೇಕು, ಅವನ ಎದುರಿನಲ್ಲೇ ಮಾಡಬೇಕು. ಹೀಗಾಗಿ ಅಣ್ಣ ಬರಬೇಕಾಯಿತು. ಕೋಣೆ ಬಿಟ್ಟು ಹೊರಬಾರದ ಮನುಷ್ಯ ಸಿಕಂದರಾಬಾದಿನಿಂದ ಗಚ್ಚಿಬೌಲಿಯವರೆಗೆ ತಂಗಿಯ ಕೈ ಹಿಡಿದು ಕ್ಯಾಬಿನಲ್ಲಿ ಬಂದರು. ತೆಳ್ಳಗಿನವರು, ಇಸ್ತ್ರಿ ಮಾಡಿದ ಶರ್ಟು, ಗಡ್ಡ ಬೋಳಿಸುವಾಗ ಆದ ಗಾಯ. ನಮ್ಮ ಕಪಾಟಿನಲ್ಲಿ ಸಾಲಾಗಿದ್ದ ಅಕ್ರಿಲಿಕ್ ಪೆಟ್ಟಿಗೆಗಳನ್ನು ನೋಡಿ ಅಲ್ಲೇ ನಿಂತರು.

"ಇವೆಲ್ಲಾ ಉಸರ ಹೆಂಗ ಆಡತಾವ್ರಿ?"

"ಗೊಂಬಿ ಉಸರಾಡಂಗಿಲ್ರಿ ಅಣ್ಣಾರ" ಎಂದೆ.

"ನೀವು ಆಡಂಗಿಲ್ಲ ಅಂತ ತಿಳದೀರಿ, ಅದಕ್ಕ ಈ ಕೆಲಸಾ ಮಾಡತೀರಿ."

"ಮತ್ತ ನೀವ್ಯಾಕ್ರಿ ಗುಳ್ಳಿ ತೆರೀಲಾರದ ಇಟ್ಟೀರಿ? ಅದಕ್ಕೇನು ಕಿಟಕಿ ಐತೇನು?"

ತಂಗಿ ಬಾಯಿಗೆ ಸೆರಗು ಹಿಡಿದು ನಕ್ಕರು. ಅಣ್ಣನಿಗೂ ನಗು ಬಂತು. "ಅದ ಮಾತ್ರ ನನಗೂ ಗೊತ್ತಿಲ್ರಿ. ಭಾಳ ಚಂದ ಇತ್ತು, ಮನಸ್ಸಾಗಲಿಲ್ಲ" ಎಂದರು. ಅವರು ಜಗಳಗಂಟ ಮನುಷ್ಯ ಎಂದು ನಮ್ಮ ಮುಖ್ಯಸ್ಥರು ಹೇಳಿದ್ದರು. ನನಗೆ ಹಾಗೆ ಕಾಣಲಿಲ್ಲ.

ಅರಿಶಿನದ ಮಾತು ಎತ್ತಿದಾಗ ಅವರು ಹಣೆ ಒತ್ತಿಕೊಂಡರು. ಈ ಕಾರ್ಡು ಮನೆಗೆ ತಂದ ದಿನ ಅವರ ತಾಯಿ ಇನ್ನೂ ಇದ್ದರು. ಇವರು ಕೈಕಾಲು ತೊಳೆದು ಬರುವಷ್ಟರಲ್ಲಿ ಅವ್ವ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿದ್ದರಂತೆ.

"ಭಾಳ ಬೈದೆ ಅವತ್ತ. 'ಹಾಳ ಮಾಡಿದೆಲ್ಲವ್ವಾ' ಅಂದೆ. 'ಹೊಸಾದ್ದು ಮನಿಗೆ ಬಂದ್ರ ಹಂಗ ಇಡಬಾರದಪಾ, ನಿನಗ ಛಲೋ ಆಗಲಿ ಅಂತ' ಅಂದ್ಳು. ನಾ ಒಣಾ ಅರಿವಿಲೆ ಒರಸಿದೆ. ಹೋತು ಅಂತ ತಿಳದಿದ್ದೆ" ಎಂದರು. ಅವ್ವ ತೀರಿಕೊಂಡು ಕೆಲವು ವರ್ಷವಾಗಿತ್ತು.

ಪರೀಕ್ಷೆ ಹೀಗೆ: ಹತ್ತಿಯ ತುದಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಕಾರ್ಡಿನ ಹಿಂಬದಿಯ ಒಂದು ಮೂಲೆಗೆ, ಅಚ್ಚಿನ ಮಸಿ ಇಲ್ಲದ ಬಿಳಿ ಜಾಗಕ್ಕೆ, ತಾಗಿಯೂ ತಾಗದಂತೆ ಒತ್ತಬೇಕು. ನೀರಿಗೆ ಬಿಡದ ಅರಿಶಿನ ಸ್ಪಿರಿಟ್ಟಿಗೆ ಬಿಡುತ್ತದೆ. ಆಮೇಲೆ ಕಾರ್ಡನ್ನು ದೂರವಿಟ್ಟು, ಆ ಹತ್ತಿಗೆ ಸುಣ್ಣ ಸೋಕಿಸಬೇಕು. ಸುಣ್ಣವನ್ನು ಕೆಳಗಿನ ಪಾನ್ ಡಬ್ಬಾದಿಂದ ತರಿಸಿದೆ. ಆ ಪಾನಿನವನು ಎಲೆಯಿಲ್ಲದೆ ಬರೀ ಸುಣ್ಣ ಏಕೆ ಎಂದು ಕೇಳಿದನಂತೆ. ಮೊದಲು ಶುದ್ಧ ಹತ್ತಿಗೆ ಸ್ಪಿರಿಟ್ಟು ಮತ್ತು ಸುಣ್ಣ ಹಾಕಿ ತೋರಿಸಿದೆ, ಏನೂ ಆಗಲಿಲ್ಲ. ಆಮೇಲೆ ಮೂಲೆಗೆ ಒತ್ತಿದ ಹತ್ತಿ. ಸುಣ್ಣ ತಾಗಿದ್ದೇ ತಡ ಅದು ಕೆಂಪಾಯಿತು, ಆರತಿ ತಟ್ಟೆಯ ನೀರು ಕೆಂಪಾಗುವ ಹಾಗೆ.

"ಅರಿಶಿನ!" ಎಂದು ತಂಗಿ ಕೂಗಿಯೇಬಿಟ್ಟರು. ನನ್ನ ಸಹೋದ್ಯೋಗಿ ಹತ್ತಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಅಣ್ಣನ ಹತ್ತಿರ ಹೋಗಿ, "ಮಾಫ್ ಕರೋ ಭಾಯ್" ಎಂದ. ಮೂಲೆ ದುರಸ್ತಿಯ ಅನುಮಾನವನ್ನು ತಾನೇ ಹೊಡೆದುಹಾಕಿದ. ಅಣ್ಣ ಅವನ ಭುಜ ತಟ್ಟಿದರು. ಊಟದ ಹೊತ್ತಾಗಿತ್ತು, ಇಬ್ಬರೂ ಅಣ್ಣ ತಂಗಿ ನನ್ನ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಪಾಲು ತೆಗೆದುಕೊಂಡರು. ಭಾನುವಾರ ಇರಾನಿ ಹೋಟೆಲಿಗೆ ತಾನೇ ಜೊತೆಯಲ್ಲಿ ಕರೆದುಕೊಂಡು ಹೋಗುತ್ತೇನೆಂದು ಸಹೋದ್ಯೋಗಿ ಹೇಳಿದ. ಆ ಮಧ್ಯಾಹ್ನ ನಾನು ನನ್ನ ಕೆಲಸವನ್ನು ಬಹಳ ಹೆಮ್ಮೆಯಿಂದ ನೋಡಿದೆ. ಅಷ್ಟು ಹೆಮ್ಮೆ ಯಾರಿಗೂ ಒಳ್ಳೆಯದಲ್ಲ.

ತಡೆ ತೆಗೆದ ಮೇಲೆ ಪರೀಕ್ಷೆ ಮೊದಲಿನಿಂದ ಆಗಬೇಕು, ಅದು ನಿಯಮ. ಅವರು ಮನೆಗೆ ಹೋದ ಮೇಲೆ, ಮಾರನೆಯ ದಿನ, ನಾವಿಬ್ಬರೂ ಕೂತೆವು. ಈ ಸಲ ಮೂಲೆಗಳ ಹೊಳಪು ಅರಿಶಿನ ಎಂದು ಗೊತ್ತಿತ್ತು, ಹಾಗಾಗಿ ಅವುಗಳ ಮೇಲೆ ಕಪ್ಪು ಕಾಗದದ ಚೂರು ಮುಚ್ಚಿದೆ, ಕಣ್ಣಿಗೆ ಅಡ್ಡ ಬರದಿರಲಿ ಎಂದು. ಆ ಪ್ರಖರ ಹಳದಿ ಮುಚ್ಚಿದ ಮೇಲೆ, ಅದರ ಮರೆಯಲ್ಲಿದ್ದದ್ದು ಕಂಡಿತು. ಗುಳ್ಳೆಯ ಕೆಳಗಿನ ಅಂಚಿನಲ್ಲಿ, ಎರಡು ಬೆರಳಿನ ಅಗಲಕ್ಕೆ, ನೀಲಿ ಬಿಳುಪಿನ ಒಂದು ಎಳೆ. ಅಂಟು.

"ಕಾರ್ಖಾನೆಯದೇ ಇರಬಹುದು" ಎಂದೆ. ಅಲ್ಲವೆಂದು ನನಗೆ ಗೊತ್ತಿತ್ತು.

ದೀಪವನ್ನು ಓರೆ ಮಾಡಿ ಗುಳ್ಳೆಯ ಒಳಕ್ಕೆ ಬೆಳಕು ಹಾಯಿಸಿದೆ. ಗೊಂಬೆಯ ಹಣೆಯ ಮೇಲೆ, ಶಿರಸ್ತ್ರಾಣದ ಅಂಚಿಗೆ, ಹಗಲಿನಲ್ಲಿ ಸಾಸಿವೆ ಬಣ್ಣದಲ್ಲಿ ಕರಗಿಹೋಗಿದ್ದ ಒಂದು ಹಸಿರು ಹಳದಿ ಬೊಟ್ಟು. ಕತ್ತಿಯ ಹಿಡಿಯ ಮೇಲೆ ಇನ್ನೊಂದು.

ಮುಚ್ಚಿದ ಗುಳ್ಳೆಯೊಳಗೆ ಅರಿಶಿನ ತಾನಾಗಿ ಹೋಗುವುದಿಲ್ಲ. ಮೂಲೆಯದು ಅರಿಶಿನ ಎಂದು ಸಾಬೀತು ಮಾಡಿದವಳು ನಾನೇ. ಆ ಸಾಬೀತಿನಿಂದಲೇ ಒಳಗಿನದೂ ಅರಿಶಿನ ಎಂದಾಯಿತು, ಕಾರ್ಡು ಮನೆಗೆ ಬಂದ ಮೇಲೆ ಯಾರೋ ತೆರೆದು, ಪೂಜೆ ಮಾಡಿ, ಮತ್ತೆ ಅಂಟಿಸಿದ್ದಾರೆ ಎಂದಾಯಿತು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ.

ಕತ್ತಲಲ್ಲಿ ಸಹೋದ್ಯೋಗಿ ಮೆಲ್ಲಗೆ, "ನಕ್ಕೋ ಲಿಖೋ ಆಪಾ" ಎಂದ. ಬರೆಯಬೇಡ ಅಕ್ಕಾ. ನಾವಿಬ್ಬರೇ ನೋಡಿದ್ದು, ದೀಪ ಆರಿಸೋಣ, ತೆರೆದಿಲ್ಲ ಎಂದು ಬರೆಯೋಣ, ಆ ಮನುಷ್ಯ ಬದುಕಿಕೊಳ್ಳಲಿ. ಹೋದ ತಿಂಗಳು ಅದೇ ಮನುಷ್ಯನನ್ನು ನೋಡಿ ನಕ್ಕವನು ಈ ಮಾತು ಆಡಿದ. ನನಗೂ ಅದೇ ಬೇಕಿತ್ತು. ಕೈ ದೀಪದ ಗುಂಡಿಯವರೆಗೂ ಹೋಯಿತು.

ಆದರೆ ಯುವಿ ಬೆಳಕಿನ ಪುಟ್ಟ ಬ್ಯಾಟರಿ ಈಗ ಎಲ್ಲರ ಹತ್ತಿರವೂ ಇದೆ, ತರಕಾರಿಯಷ್ಟು ಸಲೀಸಾಗಿ ಸಿಗುತ್ತದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಮ್ಮ ಪತ್ರ ಹಿಡಿದು ಅಣ್ಣ ಇರಾನಿ ಹೋಟೆಲಿಗೆ ಹೋಗುತ್ತಾರೆ, ಅಲ್ಲಿ ಒಬ್ಬ ಜೇಬಿನಿಂದ ಬ್ಯಾಟರಿ ತೆಗೆದು ಹಿಡಿಯುತ್ತಾನೆ. ಆಗ ಅವರು ತೆರೆದು ಅಂಟಿಸಿದವರು ಮಾತ್ರವಲ್ಲ, ನಮ್ಮನ್ನೂ ಕೊಂಡುಕೊಂಡವರು ಎಂದಾಗುತ್ತದೆ. ಇದು ಒಂದು ಕಾರಣ. ಇನ್ನೊಂದು ಕಾರಣ ಹೇಳಲು ನಾಚಿಕೆಯಾಗುತ್ತದೆ: ಇಷ್ಟು ವರ್ಷ ಕಂಡದ್ದನ್ನು ಕಂಡಹಾಗೆ ಬರೆದ ಕೈಗೆ ಬೇರೆ ಬರೆಯಲು ಬರಲಿಲ್ಲ. ಅದು ಪ್ರಾಮಾಣಿಕತೆಯೋ, ಕತ್ತೆ ಚಾಕರಿಯ ರೂಢಿಯೋ, ಇವತ್ತಿಗೂ ಗೊತ್ತಿಲ್ಲ.

ಬರೆಯುವ ಮೊದಲು ಒಡೆಯನಿಗೆ ಫಲಿತಾಂಶ ತಿಳಿಸಬಾರದು. ನಾನು ತಿಳಿಸಿದೆ. ಫೋನಿನಲ್ಲಿ ಹೇಳುವಂಥದ್ದಲ್ಲ, ಬನ್ನಿ ಎಂದೆ. ಒಳ್ಳೆಯ ಸುದ್ದಿಗೆ ಕರೆದಿದ್ದಾರೆ ಎಂದುಕೊಂಡು ತಂಗಿ ಪೇಡೆಯ ಡಬ್ಬಿ ತಂದಿದ್ದರು.

ಇಬ್ಬರನ್ನೂ ಪರದೆಯ ಒಳಗೆ ಕೂರಿಸಿದೆ. ಮಾತಿನಲ್ಲಿ ಹೇಳಿದರೆ ಅವರು ನಂಬುತ್ತಿರಲಿಲ್ಲ. ದೀಪ ಹಚ್ಚಿ, ಅಂಟಿನ ಎಳೆ ತೋರಿಸಿದೆ. "ಸುಳ್ಳ, ನಾ ತೆರದಿಲ್ರಿ" ಎಂದು ಅಣ್ಣ ಎದ್ದೇಬಿಟ್ಟರು. "ನೀವು ತೆರದಿಲ್ಲಂತ ನನಗ ಗೊತ್ತೈತ್ರಿ ಅಣ್ಣಾರ. ಇಲ್ಲಿ ನೋಡ್ರಿ" ಎಂದು ದೀಪ ಓರೆ ಮಾಡಿದೆ.

ಹಣೆಯ ಬೊಟ್ಟು ಹೊತ್ತಿಕೊಂಡಿತು. ಭೂತಗನ್ನಡಿಯನ್ನು ಅವರ ಮುಂದೆ ತಂದೆ. ಬೊಟ್ಟಿನಲ್ಲಿ ಬೆರಳಿನ ಗೆರೆಗಳು ಕೂಡ ಕಾಣುತ್ತಿದ್ದವು.

ತಂಗಿಗೆ ಮೊದಲು ಹೊಳೆಯಿತು. "ಅಣ್ಣ, ನೀ ಟೂರಿಗೆ ಹೋದ ವರ್ಷದ ಖಂಡೇನವಮಿ..." ಎಂದು ತಡೆತಡೆದು ಹೇಳಿದರು. ಎಲ್ಲರೂ ಮನೆಯ ಹತ್ಯಾರಗಳನ್ನು ಪೂಜೆಗೆ ಇಡುವ ದಿನ. ಈಳಿಗೆಮಣೆ, ಕತ್ತರಿ, ಸ್ಕೂಟರು ಎಲ್ಲ ಆದ ಮೇಲೆ, ಅವ್ವ, "ನಿಮ್ಮಣ್ಣನ ಹತ್ಯಾರ ಯಾವುದವಾ?" ಎಂದು ಕೇಳಿದ್ದರಂತೆ. ತಂಗಿ ನಗುತ್ತ, ಅವನದೇನು, ಗೊಂಬಿ ಎಂದಿದ್ದರು. ಅವತ್ತೇ ಸಂಜೆ ಅವ್ವ ಸೀರೆಯ ಚಮಕಿ ಅಂಟಿಸಬೇಕು ಎಂದು ಗೋಂದು ಕೇಳಿ ಇಸಕೊಂಡಿದ್ದರು. "ಯಾ ಸೀರಿ ಚಮಕೀನೂ ಬಿಚ್ಚಿರಲಿಲ್ಲೋ ಅಣ್ಣ."

ಅಣ್ಣ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. "ಹೊರಗ ಹಚ್ಚಿದ್ದಕ್ಕ ಬೈದೆ. ಅದಕ್ಕ ನನಗ ಕಾಣಲಾರದಂಗ ಒಳಗ ಹಚ್ಚ್ಯಾಳ" ಎಂದರು. ಆಮೇಲೆ, "ಅವ್ವನ ಬಟ್ಟು" ಎಂದರು. ನಮ್ಮ ಕಡೆ ಬಟ್ಟು ಎಂದರೆ ಹಣೆಯ ಬೊಟ್ಟೂ ಹೌದು, ಬೆರಳೂ ಹೌದು. ಯಾವುದನ್ನು ಹೇಳಿದರೋ ಕೇಳಲಿಲ್ಲ. ತಂಗಿ ಅಳುತ್ತಿದ್ದರು. ನಾನೂ ಅತ್ತೆ, ಕೈಗವಸು ಹಾಕಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳಲಾಗದೆ ಹಾಗೇ ನಿಂತೆ.

ನಮ್ಮ ಮುಖ್ಯಸ್ಥರಿಗೆ ವಿಷಯ ತಿಳಿಸಲೇಬೇಕಿತ್ತು. ಅವರು ಕೆಟ್ಟವರಲ್ಲ, ವ್ಯಾಪಾರಿ. ಕೇಳಿದ ಕೂಡಲೇ ಅವರ ಕಣ್ಣು ಅರಳಿತು. 'ತೆರೆದು ಅಂಟಿಸಲಾಗಿದೆ' ಎಂದು ಬರೆಯೋಣ, ಆದರೆ ತಾಯಿಯ ಅರಿಶಿನದ ಫೋಟೋ ಹಾಕಿ ಕಥೆಯನ್ನೂ ಪ್ರಕಟಿಸೋಣ, ದೇಶವೆಲ್ಲ ನೋಡುತ್ತದೆ, ನಿಮ್ಮ ಹೆಸರೂ ಶುದ್ಧವಾಗುತ್ತದೆ ಎಂದು ಹಿಂದಿಯಲ್ಲಿ ಅಣ್ಣನಿಗೆ ವಿವರಿಸಿದರು. ನನಗೂ ಅದು ಸರಿಯೆನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ದಾರಿ.

ಅಣ್ಣ ಉತ್ತರ ಕೊಟ್ಟದ್ದು ನನಗೆ, ಕನ್ನಡದಲ್ಲಿ. "ಬ್ಯಾಡ್ರಿ ಅಕ್ಕಾರ. ಅವರು ಚಹಾ ಕುಡಕೋತ ನಮ್ಮವ್ವನ ಬಟ್ಟು ನೋಡಿ ನಗತಾರ. 'ಮುದಿಕಿ ಸಾಮಾನು ಕೆಡಿಸ್ಯಾಳ' ಅಂತಾರ. ನಾನೂ ಒಮ್ಮೆ ಅಂದೀನಲ್ರಿ ಹಂಗ. ಅವ್ವನ ಹೆಸರು ಆ ಮಂದಿ ಬಾಯಾಗ ಬ್ಯಾಡ."

"ಮತ್ತ ಯಾರು ತೆರದ್ರಂತ ಹೇಳತೀರಿ?"

"ನಾ ತೆರದೀನಂತ ಹೇಳತೀನಿ."

ತಂಗಿ ಅವರ ತೋಳು ಹಿಡಿದು ಅಲುಗಾಡಿಸಿದರು. "ಹುಚ್ಚ ಹಿಡದೈತೇನೋ ಅಣ್ಣ ನಿನಗ? ಇದೊಂದ ಮಾತಿಗಲ್ಲೇನು ಇಷ್ಟ ದಿನಾ ಕ್ವಾಣ್ಯಾಗ ಕುಂತಿದ್ದಿ?" ಅವರು ತಂಗಿಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ನನ್ನ ಸಹೋದ್ಯೋಗಿ ಬಾಗಿಲಲ್ಲಿ ನಿಂತಿದ್ದ. ಅವನಿಗೆ ಕನ್ನಡ ಬರುವುದಿಲ್ಲ, ಆದರೂ ಅರ್ಥವಾಗಿತ್ತು. ತಾನು ಹೋಟೆಲಿನಲ್ಲಿ ನಿಜ ಹೇಳುತ್ತೇನೆಂದ. ಅಣ್ಣ ಅವನ ಎರಡೂ ಕೈ ಹಿಡಿದು ಬೇಡ ಎಂದರು, ತಾಯಿಯ ಆಣೆ ಹಾಕಿಸಿಕೊಂಡರು.

ನಾನು ವರದಿ ಬರೆದೆ. 'ಗುಳ್ಳೆ ತೆರೆದು ಮರಳಿ ಅಂಟಿಸಲಾಗಿದೆ. ಅಂಕ ಇಲ್ಲ.' ಕಾರಣ ಬರೆಯಲು ನಮ್ಮ ವರದಿಯಲ್ಲಿ ಜಾಗವಿಲ್ಲ, ಇದ್ದರೂ ಅವರು ಬರೆಯಲು ಬಿಡುತ್ತಿರಲಿಲ್ಲ. ಅಕ್ರಿಲಿಕ್ ಪೆಟ್ಟಿಗೆ ಬೇಡವೆಂದು ಕಾರ್ಡನ್ನು ಹಾಗೇ ಒಯ್ದರು. ಪೇಡೆಯ ಡಬ್ಬಿ ನಮ್ಮ ಮೇಜಿನ ಮೇಲೆಯೇ ಉಳಿಯಿತು, ಯಾರೂ ತಿನ್ನಲಿಲ್ಲ.

ಭಾನುವಾರ ಅವರು ಒಬ್ಬರೇ ಇರಾನಿ ಹೋಟೆಲಿಗೆ ಹೋಗಿ, "ನಾನೇ ತೆರೆದು ಅಂಟಿಸಿದೆ" ಎಂದು ಹೇಳಿ ಬಂದರು ಎಂದು ಸಹೋದ್ಯೋಗಿ ತಿಳಿಸಿದ. ಯಾರೂ ಜಗಳವಾಡಲಿಲ್ಲವಂತೆ. ಒಬ್ಬ ಮಾತ್ರ, ಇಷ್ಟು ವರ್ಷ ನಮ್ಮ ಜೊತೆ ಕೂತು ಸುಳ್ಳು ಹೇಳಿದೆಯಲ್ಲ ಎಂದನಂತೆ. ಉಳಿದವರು ಫೋನು ನೋಡುತ್ತ ಕುಳಿತರು. ಸಾಯಂಕಾಲದೊಳಗೆ ಅವರನ್ನು ಗುಂಪಿನಿಂದ ತೆಗೆದರು. ಸಹೋದ್ಯೋಗಿ ಆಣೆಗೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಂಡು ಕೂತಿದ್ದ, ಆಮೇಲೆ ತಾನೂ ಹೋಗುವುದು ಬಿಟ್ಟ. ಅವನು ಈಗ ಕೆಲಸದಲ್ಲೂ ಮೊದಲಿನಂತೆ ಮಾತಾಡುವುದಿಲ್ಲ. ಗ್ರೇಡಿಂಗ್ ಬೇಕೋ ಬೇಡವೋ ಎಂದು ಯಾರಾದರೂ ವಾದ ತೆಗೆದರೆ ಇಬ್ಬರೂ ಎದ್ದು ಹೋಗುತ್ತೇವೆ. ನಾವು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಆದರೂ ಒಬ್ಬ ಸತ್ಯವಂತ ಸುಳ್ಳುಗಾರನಾದ. ಇದನ್ನು ಯಾವ ಕಡೆಯ ವಾದಕ್ಕೆ ಸೇರಿಸುವುದು?

ದೀಪಾವಳಿ ಹತ್ತಿರವಿದ್ದಾಗ, ಬೆಳಿಗ್ಗೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ, ತಂಗಿಯ ಫೋನ್ ಬಂತು. ಅಣ್ಣ ಆಫೀಸಿಗೆ ಹೋಗುತ್ತಿದ್ದಾರೆ, ಉಳಿದ ಗೊಂಬೆಗಳನ್ನೆಲ್ಲ ಮೂಟೆ ಕಟ್ಟಿ ಯಾರಿಗೋ ಕೊಟ್ಟುಬಿಟ್ಟರು, ಇದೊಂದನ್ನು ಇಟ್ಟುಕೊಂಡಿದ್ದಾರೆ ಎಂದರು. "ಒಂದು ಯುವಿ ಬ್ಯಾಟರಿ ತರಿಸ್ಯಾನ್ರಿ. ದಿನಾ ಸಂಜೀಕ ಕ್ವಾಣಿ ಬಾಗಲಾ ಹಾಕ್ಕೊಂಡು ಅದನ್ನ ನೋಡಕೋತ ಕೂಡತಾನ. ತಾಸಗಟ್ಟಲೆ. ನಿಮ್ಮ ಕೂಡ ಏನೋ ಕೇಳಬೇಕಂತ, ಕೊಡತೀನಿ ತಡೀರಿ."

ಅಣ್ಣನ ದನಿ ಬಂತು. "ಅಕ್ಕಾರ, ಅವ್ವನ ಬಟ್ಟು ಮೊದಲಿನಂಗ ಕಾಣವಲ್ದು. ದಿನಾ ದಿನಾ ಮಸಕಾಗಾಕತ್ತೇತಿ. ನನ್ನ ಕಣ್ಣ ಕೆಟ್ಟಾವೇನ್ರಿ?"

ಅರಿಶಿನಕ್ಕೆ ಬೆಳಕು ಆಗಿಬರುವುದಿಲ್ಲ. ಕಲೆಯಾದ ಸೀರೆಯನ್ನು ಬಿಸಿಲಿಗೆ ಒಣಹಾಕಿದ ಪ್ರತಿ ಹೆಂಗಸಿಗೂ ಅದು ಗೊತ್ತು. ಯುವಿ ಬೆಳಕಿಗಂತೂ ಅದು ಇನ್ನೂ ಬೇಗ ಹೋಗುತ್ತದೆ. ಅಲ್ಮಾರಿಯ ಕತ್ತಲಲ್ಲಿ ಅಷ್ಟು ವರ್ಷ ಉಳಿದಿತ್ತು. ಮೊದಲು ಬೆಳಕು ಹಿಡಿದವರು ನಾವು. ಸುಳ್ಳು ಹೇಳಿಬಿಡಲೇ ಎಂದು ಯೋಚಿಸಿದೆ, ಹೇಳಿದರೆ ಅವರು ಪೂರ್ತಿ ಅಳಿಸಿಹೋಗುವವರೆಗೂ ನೋಡುತ್ತಾರೆ.

"ಕಣ್ಣಲ್ರಿ ಅಣ್ಣಾರ, ಬೆಳಕು. ಆ ಬೆಳಕ ಅರಿಶಿನ ತಿಂತೈತ್ರಿ."

"ಅಂದ್ರ ನಾ ನೋಡಿದಷ್ಟೂ ಹೊಕ್ಕೈತಿ."

"ಹೌದ್ರಿ."

"ನೋಡದಿದ್ರ?"

"ಇರತೈತ್ರಿ. ಕತ್ತಲ್ಯಾಗ ಇಟ್ರ ಇರತೈತಿ."

"ಐತಿ ಅಂತ ನನಗ ಹೆಂಗ ಗೊತ್ತಾಗಬೇಕ್ರಿ ಅಕ್ಕಾರ?" ಎಂದರು.

ಅವರು ಕಾಯುತ್ತಿದ್ದರು. ನನ್ನ ಸ್ಟಾಪು ಬಂತು, ಹೋಯಿತು, ನಾನು ಫೋನು ಕಿವಿಗೆ ಹಿಡಿದುಕೊಂಡೇ ಕೂತಿದ್ದೆ.